ಸಿಡುಬಿನ ಸೀಮೆಯಲ್ಲಿ ದೊಡ್ಡಸ್ವಾಮಿಯವರು

ಮಧುಗಿರಿಯ ದಂಡಿನ ಮಾರಮ್ಮನಿಗೆ ನಡೆದುಕೊಳ್ಳುವ ಒಕ್ಕಲು ಸುತ್ತಲಿನ ತಾಲ್ಲೂಕುಗಳ ಹಳ್ಳಿಗಳಲ್ಲೂ ಇದೆ. ಶಿರಾ, ಕೊರಟಗೆರೆ, ಪಾವಗಡದ ಕಡೆ ಮಾರಮ್ಮನ ಗುಡಿಯಿಲ್ಲದ ಊರು ಹುಡುಕುವುದು ಕಷ್ಟ. ಸಿಡುಬಿನ ಹೆಸರೆತ್ತಲೂ ಅಂಜಿ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದ ಕಾಲವೊಂದಿತ್ತು. ಅಮ್ಮ ಬಂದ ಮನೆಯಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು, ಒಗ್ಗರಣೆ ಹಾಕುತ್ತಿರಲಿಲ್ಲ, ಹೊರಗಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಮಗು ಉಳಿದರೆ ಅದು ಅವಳ ಕೃಪೆ, ಕಣ್ಣು ಹೋದರೆ ಅದೂ ಅವಳ ಇಚ್ಛೆ.

ಇಂಥ ನಂಬಿಕೆಯ ಮೈಸೂರು ಸೀಮೆಯಲ್ಲಿ, ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ದಾಕು (ಸಿಡುಬಿನ ಲಸಿಕೆ) ಹಾಕಿಸಿಕೊಳ್ಳಿ ಎಂದು ಜನರನ್ನು ಒಪ್ಪಿಸಲು ಹೊರಟವರಲ್ಲಿ ಒಬ್ಬರು ಕಾವಿ ತೊಟ್ಟವರೂ ಅಲ್ಲ, ಕಂಪನಿ ಸರ್ಕಾರದ ವೈದ್ಯರೂ ಅಲ್ಲ. ಅವರು ಫ್ರಾನ್ಸಿನಿಂದ ಬಂದ ಕ್ಯಾಥೊಲಿಕ್ ಗುರು ಅಬ್ಬೆ ದ್ಯೂಬ್ವಾ. ಜನ ಅವರನ್ನು ಕರೆದದ್ದು ದೊಡ್ಡಸ್ವಾಮಿಯವರು ಎಂದು. ಅವರ ಬದುಕನ್ನು ಅರಿಯಬೇಕಾದರೆ ಅವರು ಸೇರಿಕೊಂಡ ಮೈಸೂರು ಮಿಷನ್ನಿನ ಪರಿಚಯ ಮೊದಲು ಆಗಬೇಕು.

ಈ ಮಿಷನ್ನಿನ ಬೇರು 17ನೇ ಶತಮಾನದಲ್ಲಿದೆ. ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದಾಗ ಯೇಸುಸಭೆಯ (ಜೆಸ್ವಿಟ್) ಲಿಯೊನಾರ್ದೊ ಚಿನ್ನಮಿ ಗೋವೆಯಿಂದ ಬಂದರು. ಇಟಲಿಯ ಈ ಸನ್ಯಾಸಿ ಮೊದಲು ಮಾಡಿದ್ದು ಕನ್ನಡ ಕಲಿಯುವ ಕೆಲಸ. ವ್ಯಾಕರಣ ಬರೆದರು, ಪದಕೋಶ ಕಟ್ಟಿದರು, ಧರ್ಮೋಪದೇಶವನ್ನು ಕನ್ನಡದಲ್ಲೇ ರಚಿಸಿದರು. ಅರ್ಧ ಶತಮಾನದ ನಂತರ ಫ್ರೆಂಚ್ ಯೇಸುಸಭೆಯವರು ಪುದುಚೇರಿಯಿಂದ ಹೊರಟು ಕರ್ನಾಟಿಕ್ ಮಿಷನ್ ತೆರೆದರು. ಪುಂಗನೂರು, ಚಿಕ್ಕಬಳ್ಳಾಪುರ, ಅಲ್ಲಿಂದ ಅನಂತಪುರದ ಕಡೆಯ ಬುಕ್ಕಪಟ್ಟಣದವರೆಗೂ ಅವರ ನೆಲೆಗಳಿದ್ದವು. ಪಾವಗಡವನ್ನು ಸುತ್ತುವರಿದಿರುವ ಬಹುಪಾಲು ನೆಲ ಇದೇ ತೆಲುಗು ಸೀಮೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರಿಗೆ ಆ ಕಥೆ ದೂರದ್ದೇನಲ್ಲ. ಅದೇ ಬಯಲು, ಅದೇ ಬಿಸಿಲು, ಮಳೆ ಕೈಕೊಟ್ಟರೆ ಅದೇ ಬರ.

ಈ ಯೇಸುಸಭೆಯ ಗುರುಗಳ ದಿನಚರಿ ಸುಲಭದ್ದಾಗಿರಲಿಲ್ಲ. ಮಾಂಸ, ಮದ್ಯ ಬಿಟ್ಟರು. ನೆಲದ ಮೇಲೆ ಕೂತು ಉಂಡರು. ಜ್ವರ ಬಂದರೆ ಹಳ್ಳಿಯ ಕಷಾಯವೇ ಗತಿ. ಊರಿಗೆ ಬರೆದ ಕಾಗದ ಹಡಗೇರಿ ಹೋಗಿ ಉತ್ತರ ಬರುವಷ್ಟರಲ್ಲಿ ವರ್ಷ ಕಳೆಯುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಜಾತಿಯದು. ಸನ್ಯಾಸಿಯ ವೇಷದಲ್ಲಿದ್ದ ಗುರು ಮೇಲ್ಜಾತಿಯವರ ಮನ್ನಣೆ ಉಳಿಸಿಕೊಳ್ಳಬೇಕಾದರೆ ಹೊಲೆಗೇರಿ, ಮಾದಿಗರ ಕೇರಿಗೆ ಕಾಲಿಡುವಂತಿರಲಿಲ್ಲ. ಸಾಯುತ್ತಿರುವ ದಲಿತ ಕ್ರೈಸ್ತನಿಗೆ ಅಂತ್ಯಾಭ್ಯಂಗ (ಮರಣಕಾಲದ ಸಂಸ್ಕಾರ) ಕೊಡಲು ಅವನ ಗುಡಿಸಲೊಳಗೆ ಹೋಗಬೇಕೇ ಬೇಡವೇ ಎಂಬ ಪ್ರಶ್ನೆ ರೋಮಿನವರೆಗೂ ಹೋಯಿತು. ಹೋಗಲೇಬೇಕು ಎಂದು ಪೋಪ್ 14ನೇ ಬೆನೆಡಿಕ್ಟ್ 1744ರಲ್ಲಿ ಕಟ್ಟಪ್ಪಣೆ ಹೊರಡಿಸಿದರು. ನಾಡಿನ ನಡೆನುಡಿಗೆ ಒಗ್ಗಿಕೊಳ್ಳುವ ಹೆಸರಿನಲ್ಲಿ ಅಸ್ಪೃಶ್ಯತೆಗೂ ಒಗ್ಗಿಕೊಂಡದ್ದು ಈ ಮಿಷನ್ನಿನ ಮೇಲಿನ ಕಪ್ಪುಚುಕ್ಕೆ. ಅದನ್ನು ಮುಚ್ಚಿಟ್ಟು ಅವರ ತ್ಯಾಗವನ್ನಷ್ಟೇ ಹೊಗಳುವುದು ನ್ಯಾಯವಲ್ಲ.

1773ರಲ್ಲಿ ಯೇಸುಸಭೆಯೇ ರದ್ದಾಯಿತು. ಅವರ ಜಾಗಕ್ಕೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದವರು ಬಂದರು. ಆ ಸಂಘದವರೇ ದ್ಯೂಬ್ವಾ. ಫ್ರಾನ್ಸಿನಲ್ಲಿ ಮಹಾಕ್ರಾಂತಿ ಹೊತ್ತಿ ಉರಿಯುತ್ತಿದ್ದ 1792ರಲ್ಲಿ ಗುರುದೀಕ್ಷೆ ಪಡೆದು ಹಡಗು ಹತ್ತಿದಾಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಕಂಪನಿ ಸೇನೆಯ ವಶವಾದ ಮೇಲೆ ಅಲ್ಲಿ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಗ್ಗೂಡಿಸಲು ಬಂದರು. ನಮ್ಮವರಂತೆ ಉಟ್ಟರು, ನಮ್ಮವರಂತೆ ಉಂಡರು. ನೆಲೆ ತಪ್ಪಿದವರನ್ನು ಬೇಸಾಯಕ್ಕೆ ಹಚ್ಚಿದರು.

ಆಮೇಲೆ ದಾಕಿನ ಕೆಲಸ. ಗೋಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಲಸಿಕೆ ಕಾಪಿಡಲು ಈಗಿನಂಥ ಶೀಷೆಯೂ ಇಲ್ಲ, ಮಂಜುಗಡ್ಡೆಯೂ ಇಲ್ಲ. ಒಂದು ಮಗುವಿನ ತೋಳಿಗೆ ಗೀರಿ ಹಾಕಿದ ದಾಕು ಎಂಟನೆಯ ದಿನಕ್ಕೆ ಬೊಬ್ಬೆಯಾಗಿ ರಸ ತುಂಬಿಕೊಳ್ಳಬೇಕು. ಆ ಬೊಬ್ಬೆಯನ್ನು ಚುಚ್ಚಿ, ರಸ ತೆಗೆದು, ಇನ್ನೊಂದು ಮಗುವಿನ ತೋಳಿಗೆ ಆಗಲೇ ಹಾಕಬೇಕು. ನಡುವೆ ಒಬ್ಬ ತಾಯಿ ಹೆದರಿ ಮಗುವನ್ನು ಎತ್ತಿಕೊಂಡು ಹೋದರೆ ಸರಪಳಿ ಅಲ್ಲಿಗೇ ಕಡಿಯಿತು. ಜಾತಿಜಾತಿಗಳ ನಡುವೆ ನೀರೂ ಮುಟ್ಟದ ಕಾಲದಲ್ಲಿ ಒಬ್ಬರ ಮೈಯ ರಸವನ್ನು ಇನ್ನೊಬ್ಬರ ಮೈಗೆ ಸೇರಿಸಲು ಒಪ್ಪಿಸುವುದೆಂದರೆ ಎಷ್ಟು ಮನೆಬಾಗಿಲು ತಟ್ಟಬೇಕು, ಎಷ್ಟು ಬೈಗುಳ ತಿನ್ನಬೇಕು! ಆದರೂ 1803–04ರ ಲೆಕ್ಕದಲ್ಲಿ ದ್ಯೂಬ್ವಾ ಅವರ ಕಡೆಯಿಂದ ದಾಕು ಹಾಕಿಸಿಕೊಂಡು ಹೆಸರು ದಾಖಲಾದವರು 25 ಸಾವಿರಕ್ಕೂ ಹೆಚ್ಚು ಮಂದಿ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಬೇಕು. ಇಪ್ಪತ್ತೈದು ವರ್ಷ ದುಡಿದು ತಾವು ಹೊಸದಾಗಿ ಕ್ರೈಸ್ತಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ದ್ಯೂಬ್ವಾ ತಾವೇ ಬರೆದರು. 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬಹಿರಂಗವಾಗಿ ಹೇಳಿದರು. ಮಿಷನರಿಗಳ ವಲಯದಲ್ಲಿ ಅದು ದೊಡ್ಡ ವಾಗ್ವಾದ ಎಬ್ಬಿಸಿತು. ತನ್ನ ಜೀವಮಾನದ ಉದ್ದೇಶವೇ ಕೈಗೂಡಲಿಲ್ಲ ಎಂದು ನೇರವಾಗಿ ಬರೆಯಲು ಎಂಥ ಗುಂಡಿಗೆ ಬೇಕು. ಮುನ್ನೂರು ಜ್ಞಾನಸ್ನಾನಗಳಿಗಿಂತ ಆ 25 ಸಾವಿರ ತೋಳುಗಳೇ ಅವರ ನಿಜವಾದ ಸಂಪಾದನೆ ಎಂದು ನಾನು ನಂಬುತ್ತೇನೆ.

ಹಿಂದೂಗಳ ಆಚಾರವಿಚಾರ ಕುರಿತ ಅವರ ಹಸ್ತಪ್ರತಿಯನ್ನು ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಆ ಪುಸ್ತಕದ ದೊಡ್ಡ ಭಾಗ ತೆಲುಗು ಸೀಮೆಯಲ್ಲಿ ದುಡಿದ ಯೇಸುಸಭೆಯ ಕೂರ್ದೂ ಅವರ ಬರಹದಿಂದ ಬಂದದ್ದು ಎಂಬುದನ್ನು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ನಂಟಿದೆ ಎಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್‌ಗಿಂತ ಮೊದಲೇ ಬರೆದವರು ಈ ಕೂರ್ದೂ. ಅವರ ಹೆಸರು ಮರೆಯಾಗಿ ದ್ಯೂಬ್ವಾ ಹೆಸರು ಮೆರೆದದ್ದು ಸರಿಯಲ್ಲ.

ದ್ಯೂಬ್ವಾ 1823ರಲ್ಲಿ ಫ್ರಾನ್ಸಿಗೆ ಮರಳಿ 1848ರಲ್ಲಿ ತೀರಿಕೊಂಡರು. ಅವರ ನಂತರವೂ ಮಿಷನ್ ಬೆಳೆಯಿತು. ಧರ್ಮಾಧ್ಯಕ್ಷ ಶಾರ್ಬೊನೊ ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳನ್ನು ಅಚ್ಚು ಹಾಕಿಸಿದರು. 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟು ಹೊರಬಂತು. 1876–78ರ ಧಾತು ಈಶ್ವರ ಬರ ಮೈಸೂರು ಸಂಸ್ಥಾನದ ಜನಸಂಖ್ಯೆಯನ್ನು 50 ಲಕ್ಷದಿಂದ 42 ಲಕ್ಷಕ್ಕೆ ಇಳಿಸಿದಾಗ ಅನಾಥ ಮಕ್ಕಳನ್ನು ಸಾಕುವ ಹೊಣೆಯೂ ಮಿಷನ್‌ಗಳ ಹೆಗಲಿಗೆ ಬಿತ್ತು. ತುಮಕೂರಿನಲ್ಲಿ ವೆಸ್ಲಿಯನ್ ಪ್ರೊಟೆಸ್ಟೆಂಟರು ಗಂಡುಮಕ್ಕಳ ಅನಾಥಾಲಯ ನಡೆಸಿದರು. ತುಮಕೂರು ಜಿಲ್ಲೆಯ ಕ್ಯಾಥೊಲಿಕ್ ಚರ್ಚುಗಳು ಇಂದು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿವೆ.

ದ್ಯೂಬ್ವಾ ಹೆಸರಿನ ಚರ್ಚು ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇಂದಿಗೂ ಇದೆ. ದರಿಯಾ ದೌಲತ್ತಿಗೂ ಗುಂಬಜ್ಜಿಗೂ ಮಕ್ಕಳನ್ನು ಕರೆದುಕೊಂಡು ಹೋಗುವವರು ಅದನ್ನೂ ತೋರಿಸಿ, ದಾಕಿನ ಕಥೆಯನ್ನೂ ಹೇಳಿ.