ದೂರದ ಕೆಲಸ ಮತ್ತು ಆನ್‌ಲೈನ್ ತರಗತಿ: ವಿಡಿಯೋ ಕಾನ್ಫರೆನ್ಸ್ ತಂತ್ರಾಂಶದ ಆಯ್ಕೆ

(ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ತಾಲ್ಲೂಕುಗಳ ಪೋಷಕರು, ಶಿಕ್ಷಕರು ಮತ್ತು ಉದ್ಯೋಗಸ್ಥರ ಅವಗಾಹನೆಗಾಗಿ)

ಕೋಲಾರ ಚಿನ್ನದ ಗಣಿ ಪ್ರದೇಶದ ಜೀವನೋಪಾಯವು ಬಹುಮಟ್ಟಿಗೆ ರೈಲನ್ನು ಅವಲಂಬಿಸಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಗಣಿಗಳು ಮುಚ್ಚಲ್ಪಟ್ಟ ತರುವಾಯ, ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಿಂದ ಸಹಸ್ರಾರು ಮಂದಿ ಮುಂಜಾನೆಯೇ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ತೆರಳಿ ರಾತ್ರಿ ಹಿಂದಿರುಗುವುದು ರೂಢಿಯಾಯಿತು. 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಕಾರಣದಿಂದ ಪ್ರಯಾಣಿಕರ ರೈಲುಗಳು ದೇಶದಾದ್ಯಂತ ಸ್ಥಗಿತಗೊಂಡಾಗ ಈ ದಾರಿಯೂ ಮುಚ್ಚಿತು. ಶಾಲೆಗಳು ಬಾಗಿಲು ಹಾಕಿದವು. ಮನೆಯಿಂದಲೇ ಮಾಡಬಹುದಾದ ಕೆಲಸವಿದ್ದವರಿಗೂ, ಮಕ್ಕಳ ಪಾಠಕ್ಕೂ ವಿಡಿಯೋ ಕಾನ್ಫರೆನ್ಸ್ ತಂತ್ರಾಂಶವೇ ಆಸರೆಯಾಯಿತು. ಅಂದಿನ ತುರ್ತು ಈಗಿಲ್ಲ. ಆದರೂ ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ ಮಾಡಲು ಅನುಮತಿ ದೊರೆತವರಿಗೆ ಹಲವು ಗಂಟೆಗಳ ಪ್ರಯಾಣ ಉಳಿಯುತ್ತದೆ. ಆದುದರಿಂದ ತಂತ್ರಾಂಶದ ಆಯ್ಕೆಯನ್ನು ವಿವೇಚನೆಯಿಂದ ಮಾಡುವುದು ಅಗತ್ಯವಾಗಿರುತ್ತದೆ.

ಆಯ್ಕೆಗೆ ಮುನ್ನ ಮನೆಯ ಸ್ಥಿತಿ

ಸಾಮಾನ್ಯವಾಗಿ ತಂತ್ರಾಂಶಗಳನ್ನು ಅವುಗಳಲ್ಲಿರುವ ಸೌಲಭ್ಯಗಳ ಸಂಖ್ಯೆಯಿಂದ ಹೋಲಿಸಲಾಗುತ್ತದೆ. ಇದು ಸರಿಯಾದ ಕ್ರಮವಲ್ಲ. ತರಗತಿಯಲ್ಲಿರುವ ಅತ್ಯಂತ ದುರ್ಬಲ ಸಂಪರ್ಕದ ಮಗುವಿಗೆ ಯಾವುದು ತಲುಪುವುದೋ ಅದೇ ಆ ತರಗತಿಗೆ ಸೂಕ್ತವಾದ ತಂತ್ರಾಂಶ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್ ಮುಂತಾದೆಡೆ ಗಣಿ ಕಾರ್ಮಿಕರಿಗಾಗಿ ಸಾಲುಸಾಲಾಗಿ ಕಟ್ಟಲಾದ ಪುಟ್ಟ ಮನೆಗಳಲ್ಲಿ ತಂದೆಯ ಕಛೇರಿ ಸಭೆ, ಮಕ್ಕಳ ಪಾಠ, ಅಡುಗೆಯ ಸದ್ದು ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯಬೇಕಾಗುತ್ತದೆ. ಎಷ್ಟೋ ಕುಟುಂಬಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ ಇರುತ್ತದೆ. ಅದನ್ನು ಹೊತ್ತವರು ಬೆಳಿಗ್ಗೆಯೇ ಕೆಲಸಕ್ಕೆ ಹೋಗಿರುತ್ತಾರೆ. ಇಂತಹ ಮನೆಗೆ ನೂರು ಮಂದಿಯ ಮುಖವನ್ನು ಏಕಕಾಲದಲ್ಲಿ ತೋರಿಸುವ ಸೌಲಭ್ಯದಿಂದ ಪ್ರಯೋಜನವಿಲ್ಲ. ಹಳೆಯ ಫೋನಿನಲ್ಲಿ ತೆರೆದುಕೊಳ್ಳುವುದೇ, ಚಿತ್ರವನ್ನು ನಿಲ್ಲಿಸಿ ಧ್ವನಿಯನ್ನು ಮಾತ್ರ ಉಳಿಸಿಕೊಳ್ಳಬಹುದೇ, ಪಾಠವನ್ನು ದಾಖಲಿಸಿ ಸಂಜೆ ನೋಡಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳೇ ಇಲ್ಲಿ ಮುಖ್ಯ.

ಡೇಟಾ ಬಳಕೆಯ ಲೆಕ್ಕವನ್ನು ತಿಳಿದಿರುವುದು ಒಳಿತು. ಇಬ್ಬರ ನಡುವಣ ಉತ್ತಮ ಗುಣಮಟ್ಟದ ವಿಡಿಯೋ ಮಾತುಕತೆಗೆ ಹೋಗುವ ಹಾಗೂ ಬರುವ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು 600 ಕಿಲೋಬಿಟ್ ಬೇಕಾಗುವುದಾಗಿ ಜೂಮ್ ಸಂಸ್ಥೆಯು ಪ್ರಕಟಿಸಿದೆ. ಅಂದರೆ ಒಂದು ಗಂಟೆಗೆ ಎರಡೂ ದಿಕ್ಕು ಸೇರಿ ಸುಮಾರು 540 ಮೆಗಾಬೈಟ್. ಧ್ವನಿ ಮಾತ್ರವಾದಲ್ಲಿ ಬೇಕಾಗುವುದು 60ರಿಂದ 80 ಕಿಲೋಬಿಟ್. ಗಂಟೆಗೆ ಎರಡೂ ದಿಕ್ಕು ಸೇರಿ 54ರಿಂದ 72 ಮೆಗಾಬೈಟ್. ದಿನಕ್ಕೆ ಒಂದೂವರೆ ಗಿಗಾಬೈಟ್ ದೊರೆಯುವ ಪ್ಯಾಕ್‌ನಲ್ಲಿ ಮೂರು ಗಂಟೆ ವಿಡಿಯೋ ನೋಡುವಷ್ಟರಲ್ಲಿ ಆ ದಿನದ ಪಾಲು ಮುಗಿಯುತ್ತದೆ. ಧ್ವನಿಯಾದರೆ ಇಡೀ ದಿನ ಸಾಕು. ಕರಿಹಲಗೆಯ ಬದಲಿಗೆ ಪುಸ್ತಕದ ಪುಟವನ್ನೋ ಚಿತ್ರವನ್ನೋ ಸ್ಕ್ರೀನ್ ಶೇರ್ ಮೂಲಕ ತೋರಿಸಿ, ಶಿಕ್ಷಕರು ತಮ್ಮ ಕ್ಯಾಮೆರಾವನ್ನೂ ಮಕ್ಕಳ ಕ್ಯಾಮೆರಾಗಳನ್ನೂ ಆರಿಸಿದಲ್ಲಿ ಪಾಠವು ಅತಿ ಕಡಿಮೆ ಡೇಟಾದಲ್ಲಿ ನಡೆಯುತ್ತದೆ. ಎಲ್ಲ ಮಕ್ಕಳೂ ಕ್ಯಾಮೆರಾ ಹಚ್ಚಲೇಬೇಕೆಂಬ ಕಟ್ಟಳೆಯು ಹಾಜರಾತಿಗೆ ಅನುಕೂಲವೆನಿಸಿದರೂ ಬಡ ಮಕ್ಕಳನ್ನು ತರಗತಿಯಿಂದ ಹೊರಗಿಡುವ ಕಟ್ಟಳೆಯೇ ಆಗಿರುತ್ತದೆ.

ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿಯೇ ಈ ಗಣಿಗಳನ್ನು ತಲುಪಿತ್ತೆಂಬುದು ಇಲ್ಲಿಯವರ ಹೆಮ್ಮೆ. ಆದರೂ ವಿದ್ಯುತ್ ನಿಲುಗಡೆಯಾದಾಗ ಮನೆಯ ವೈ-ಫೈ ಉಪಕರಣವೂ ನಿಲ್ಲುತ್ತದೆ. ಸಭೆಗೆ ಸಾಮಾನ್ಯ ದೂರವಾಣಿ ಕರೆಯ ಮೂಲಕವೂ ಸೇರಲು ಅವಕಾಶವಿದೆಯೇ ಎಂಬುದನ್ನು ಉದ್ಯೋಗಸ್ಥರು ತಮ್ಮ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು.

ಲಭ್ಯವಿರುವ ತಂತ್ರಾಂಶಗಳು

ಉದ್ಯೋಗಸ್ಥರಿಗೆ ಬಹುತೇಕ ಆಯ್ಕೆಯಿರುವುದಿಲ್ಲ. ಕಂಪನಿಯು ಬಳಸುವುದನ್ನೇ ಬಳಸಬೇಕು. ಶಾಲೆ, ಮನೆಪಾಠ ಹಾಗೂ ಸಣ್ಣ ವ್ಯಾಪಾರದವರಿಗೆ ಮಾತ್ರ ಆಯ್ಕೆಯುಂಟು. ಜೂಮ್‌ನ ಉಚಿತ ಖಾತೆಯಲ್ಲಿ ಸಭೆಯು 40 ನಿಮಿಷಕ್ಕೆ ಮುಗಿಯುತ್ತದೆ. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಮೂವರು ಅಥವಾ ಹೆಚ್ಚು ಮಂದಿ ಸೇರಿದಾಗ 60 ನಿಮಿಷದ ಮಿತಿಯಿದೆ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿಯೂ ಗುಂಪು ಸಭೆಗೆ ಇಷ್ಟೇ ಮಿತಿ. ಚಿಕ್ಕ ಮಕ್ಕಳ ಪಾಠಕ್ಕೆ 40 ನಿಮಿಷವೇ ದೀರ್ಘವಾದುದರಿಂದ ಈ ಮಿತಿಯನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ಮುಕ್ತ ತಂತ್ರಾಂಶವಾದ ಜಿಟ್ಸಿ ಮೀಟ್ ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುತ್ತದೆ. 2023ರ ಆಗಸ್ಟ್‌ನಿಂದ ಅದರ ಸಾರ್ವಜನಿಕ ತಾಣದಲ್ಲಿ ಸಭೆಯನ್ನು ಆರಂಭಿಸುವವರು ಲಾಗಿನ್ ಆಗಬೇಕಾಗಿದ್ದು, ಲಿಂಕ್ ಮೂಲಕ ಸೇರುವವರಿಗೆ ಖಾತೆಯ ಅಗತ್ಯವಿಲ್ಲ. ಬಿಗ್‌ಬ್ಲೂಬಟನ್ ಎಂಬುದು ಪಾಠಕ್ಕೆಂದೇ ರೂಪಿಸಲಾದ ಮುಕ್ತ ತಂತ್ರಾಂಶ. ಆದರೆ ಅದಕ್ಕೆ ಸ್ವಂತ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರು ಬೇಕಾದುದರಿಂದ ಕಾಲೇಜುಗಳಿಗೆ ಹೆಚ್ಚು ಹೊಂದುತ್ತದೆ. ಒಂದು ಕಾಲದಲ್ಲಿ ಮನೆಮಾತಾಗಿದ್ದ ಸ್ಕೈಪ್ ಸೇವೆಯು 2025ರ ಮೇ ತಿಂಗಳಿನಲ್ಲಿ ಕೊನೆಗೊಂಡಿರುತ್ತದೆ. ಆ ಹೆಸರಿನಲ್ಲಿ ಯಾರಾದರೂ ಆ್ಯಪ್ ಅಳವಡಿಸಿಕೊಳ್ಳುವಂತೆ ಲಿಂಕ್ ಕಳುಹಿಸಿದಲ್ಲಿ ತೆರೆಯಬಾರದು.

ತರಗತಿಯ ಬಾಗಿಲು ಕಾಯುವುದು

2020ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಅಪರಿಚಿತರು ಆನ್‌ಲೈನ್ ತರಗತಿಗಳಿಗೆ ನುಗ್ಗಿ ಅಸಭ್ಯ ಚಿತ್ರಗಳನ್ನು ತೋರಿಸಿದ ಪ್ರಕರಣಗಳು ಹಲವು ದೇಶಗಳಿಂದ ವರದಿಯಾದವು. ಕೇಂದ್ರ ಗೃಹ ಸಚಿವಾಲಯವು ಅದೇ ಏಪ್ರಿಲ್ 16ರಂದು ಜೂಮ್ ಬಳಕೆಯ ಕುರಿತು ಎಚ್ಚರಿಕೆಯನ್ನು ಹೊರಡಿಸಿ, ಸರ್ಕಾರಿ ಅಧಿಕಾರಿಗಳು ಅಧಿಕೃತ ಕಾರ್ಯಗಳಿಗೆ ಅದನ್ನು ಬಳಸತಕ್ಕದ್ದಲ್ಲವೆಂದು ತಿಳಿಸಿತು. ಸಂಸ್ಥೆಯು ಆ ತಿಂಗಳಿನಿಂದಲೇ ಪಾಸ್‌ವರ್ಡ್ ಹಾಗೂ ವೇಟಿಂಗ್ ರೂಮ್‌ಗಳನ್ನು ತಾನಾಗಿಯೇ ಚಾಲನೆಯಲ್ಲಿರುವಂತೆ ಬದಲಾಯಿಸಿತು. ಇಂತಹ ಘಟನೆಗಳಿಗೆ ತಂತ್ರಾಂಶದ ದೋಷವೊಂದೇ ಕಾರಣವಲ್ಲ. ತರಗತಿಯ ಲಿಂಕ್ ವಾಟ್ಸ್ಆ್ಯಪ್ ಗುಂಪಿನಿಂದ ಗುಂಪಿಗೆ ಹರಿದಾಡುವುದೂ ಕಾರಣ. ಶಾಲೆಯು ಯಾವುದೇ ತಂತ್ರಾಂಶವನ್ನು ಆರಿಸಲಿ, ಮಕ್ಕಳು ಹಾಜರಿ ಪುಸ್ತಕದಲ್ಲಿರುವ ತಮ್ಮ ಹೆಸರಿನಲ್ಲಿಯೇ ಬಂದು ಕಾಯುವಂತೆಯೂ, ಶಿಕ್ಷಕರು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟುಕೊಳ್ಳುವಂತೆಯೂ, ಸ್ಕ್ರೀನ್ ಶೇರ್ ಶಿಕ್ಷಕರ ಕೈಯಲ್ಲಿ ಮಾತ್ರ ಇರುವಂತೆಯೂ ವ್ಯವಸ್ಥೆ ಮಾಡತಕ್ಕದ್ದು. ಈ ಮೂರನ್ನೂ ಸುಲಭವಾಗಿ ಮಾಡಲಾಗದ ತಂತ್ರಾಂಶವನ್ನು ಮಕ್ಕಳ ತರಗತಿಗೆ ಆರಿಸಬಾರದು.

ಪಾಠವನ್ನು ದಾಖಲಿಸುವಾಗ ಶಿಕ್ಷಕರ ಧ್ವನಿ ಮತ್ತು ಪುಟವನ್ನು ದಾಖಲಿಸಿದರೆ ಸಾಕು, ಮಕ್ಕಳ ಮುಖಗಳನ್ನಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಹದಿನೆಂಟು ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ದತ್ತಾಂಶಕ್ಕೆ ಪೋಷಕರ ಸಮ್ಮತಿ ಪಡೆಯುವ ಸಾಮಾನ್ಯ ನಿಯಮವನ್ನು ವಿಧಿಸಿದೆ. ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳಿರುವವಾದರೂ, ದಾಖಲೆಯು ಎಲ್ಲಿ ಉಳಿಯುವುದು, ಎಂದು ಅಳಿಸಲ್ಪಡುವುದು ಎಂದು ಪೋಷಕರು ಶಾಲೆಯನ್ನು ಕೇಳಬಹುದು.

ಎಷ್ಟು ಹೊತ್ತು, ಯಾವ ವಯಸ್ಸಿಗೆ

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕೆಳಗಿನ ತರಗತಿಗಳಿಗೆ ಆನ್‌ಲೈನ್ ಪಾಠವನ್ನು ನಿಷೇಧಿಸಿತ್ತು. ಈ ಆದೇಶಕ್ಕೆ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷ ಜುಲೈ 8ರಂದು ತಡೆ ನೀಡಿತು. ಆ ಬಳಿಕ ಕೇಂದ್ರದ 'ಪ್ರಜ್ಞಾತಾ' ಮಾರ್ಗಸೂಚಿಯು ಪೂರ್ವ ಪ್ರಾಥಮಿಕ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರದಂತೆ, 1ರಿಂದ 8ನೇ ತರಗತಿಗೆ 30ರಿಂದ 45 ನಿಮಿಷಗಳ ಎರಡು ಅವಧಿ, 9ರಿಂದ 12ನೇ ತರಗತಿಗೆ ಅಂತಹ ನಾಲ್ಕು ಅವಧಿ ಮೀರದಂತೆ ಸೂಚಿಸಿತು. ಅದೇ ಕಾಲದಲ್ಲಿ ಫೋನಿಲ್ಲದ ಮಕ್ಕಳಿಗೆ ದೂರದರ್ಶನ ಚಂದನದ 'ಸಂವೇದ' ಪಾಠಗಳೂ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ತೆರಳಿ ಪಾಠ ಹೇಳಿದ 'ವಿದ್ಯಾಗಮ'ವೂ ನಡೆದವು; ವಿದ್ಯಾಗಮವು ಸೋಂಕಿನ ಭೀತಿಯಿಂದ 2020ರ ಅಕ್ಟೋಬರ್‌ನಲ್ಲಿ ಸ್ಥಗಿತಗೊಂಡಿತು. ಒಂದನೇ ತರಗತಿಯ ಮಗುವಿಗೆ ವಾರಕ್ಕೆರಡು ಬಾರಿ ಶಿಕ್ಷಕರು ಸಾಮಾನ್ಯ ಕರೆ ಮಾಡಿ ಮಾತನಾಡುವುದು ಯಾವ ತಂತ್ರಾಂಶಕ್ಕೂ ಕಡಿಮೆಯಲ್ಲ.

ತಮಿಳು, ತೆಲುಗು, ಉರ್ದು, ಕನ್ನಡ ಮನೆಮಾತುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ, ಇಂಗ್ಲಿಷಿನ ಗುಂಡಿಗಳಿಂದ ತುಂಬಿದ ಪರದೆಯು ಅಜ್ಜಿಯ ಬಳಿ ಕುಳಿತು ಪಾಠ ಕೇಳುವ ಮಗುವಿಗೆ ತೊಡಕಾಗುತ್ತದೆ. ಶಾಲೆಯು ಆರಂಭದ ದಿನವೇ ಪೋಷಕರನ್ನು ಕರೆಸಿ, ಸೇರುವುದು, ಮ್ಯೂಟ್ ಮಾಡುವುದು, ಹೊರಬರುವುದು ಹೇಗೆಂದು ಅವರ ಫೋನಿನಲ್ಲಿಯೇ ತೋರಿಸಿಕೊಡತಕ್ಕದ್ದು. ಉದ್ಯೋಗ ಸಂದರ್ಶನವಿರುವವರು ಹಿಂದಿನ ದಿನ ಅದೇ ಹೊತ್ತಿನಲ್ಲಿ, ಅದೇ ಜಾಗದಿಂದ ಸ್ನೇಹಿತರೊಡನೆ ಒಮ್ಮೆ ಕರೆ ಮಾಡಿ ಪರೀಕ್ಷಿಸಿಕೊಳ್ಳುವುದು. ಸಂದರ್ಶನದ ಹೆಸರಿನಲ್ಲಿ ಹಣ ಅಥವಾ ಒ.ಟಿ.ಪಿ. ಕೇಳಿದಲ್ಲಿ ಇಲ್ಲವೇ ಫೋನಿನ ಪರದೆ ಹಂಚಿಕೊಳ್ಳುವಂತೆ ಒತ್ತಾಯಿಸಿದಲ್ಲಿ ಕರೆಯನ್ನು ಕಡಿತಗೊಳಿಸತಕ್ಕದ್ದು. ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಸಲ್ಲಿಸತಕ್ಕದ್ದು.