ಸೂಜಿಗೆ ದಾರಿ ತೋರುವ ಪ್ರತಿಧ್ವನಿ

ತ್ಯಾಗರಾಜನಗರದಿಂದ ಬಹುದೂರವಿಲ್ಲದ, 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಗೆ ಸ್ತನದ ಗಡ್ಡೆಯ ಶಂಕೆಯಿಂದ ಬರುವ ಸ್ತ್ರೀಯರನ್ನು ಕಾಡುವ ಪ್ರಶ್ನೆ ಒಂದೇ: ಇದು ಕ್ಯಾನ್ಸರೋ, ಅಲ್ಲವೋ?

ಮ್ಯಾಮೊಗ್ರಫಿಯ ಎಕ್ಸ್-ಕಿರಣಗಳು ಮೃದುವಾದವು. ಕೊಳವೆಗೆ ಸುಮಾರು 30 ಕಿಲೋವೋಲ್ಟ್ ಸಾಕು. ಚಿತ್ರದಲ್ಲಿ ಕೊಬ್ಬು ಕಪ್ಪು, ಗಡ್ಡೆ ಬಿಳುಪು. ಆದರೆ ತರುಣಿಯರಲ್ಲಿ ಹೇರಳವಾಗಿರುವ ಗ್ರಂಥಿಯ ಅಂಗಾಂಶವೂ ಬಿಳುಪೇ! ಅರಳೆಯ ರಾಶಿಯಲ್ಲಿ ಮಲ್ಲಿಗೆಯ ಮೊಗ್ಗನ್ನು ಅರಸಿದಂತಾಗುವುದು.

ನಾವು ತರಗತಿಯಲ್ಲಿ ಬೋಧಿಸುವ ಪ್ರತಿಧ್ವನಿಯೇ ಆಗ ನೆರವಾಗುವುದು. ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಕಂಪಿಸುವ ಶ್ರವಣಾತೀತ ಧ್ವನಿಯ ತರಂಗದೂರ ದೇಹದಲ್ಲಿ 0.15 ಮಿಲಿಮೀಟರಿನಷ್ಟು, ಆದುದರಿಂದಲೇ ಸಣ್ಣ ಗಂಟೂ ತೆರೆಯ ಮೇಲೆ ಮೂಡುವುದು. ನೀರು ತುಂಬಿದ ಗುಳ್ಳೆಯಾದರೆ ಒಳಗಿಂದ ಪ್ರತಿಧ್ವನಿ ಬಾರದು, ಕಪ್ಪಾಗಿಯೇ ಉಳಿಯುವುದು. ಘನವಾದ ಗಡ್ಡೆಯಾದರೆ ಸಂದೇಹ ತೀರದು.

ಆಗ ವೈದ್ಯರು ಆ ಭಾಗಕ್ಕಷ್ಟೆ ಅರಿವಳಿಕೆ ಕೊಟ್ಟು, ತೆರೆಯನ್ನು ನೋಡುತ್ತಲೇ ಟೊಳ್ಳು ಸೂಜಿಯನ್ನು ಗಡ್ಡೆಗೆ ಒಯ್ದು ಎಳೆಯಷ್ಟು ಚೂರು ತೆಗೆಯುವರು. ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಮೇಲೆಯೇ ನಿರ್ಣಯ.