ಗೇರಿಲ್ಲದ ಸ್ಕೂಟರು: ಬೆಲ್ಟಿನ ದೋಷಪರೀಕ್ಷೆ

ಬಲ್ಲ ವೈದ್ಯನು ಮದ್ದಿಗೆ ಮುನ್ನ ರೋಗದ ಮೂಲವನ್ನು ಅರಸುತ್ತಾನೆ. ಯಂತ್ರಕ್ಕೂ ಇದೇ ನ್ಯಾಯ ಸಲ್ಲುತ್ತದೆ. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ, 2001ರಲ್ಲಿ ಆ್ಯಕ್ಟಿವಾ ಬಂದ ಬಳಿಕ ಗೇರಿಲ್ಲದ ಸ್ಕೂಟರು ನಾಡಿನಲ್ಲೆಲ್ಲ ಬಳಕೆಗೆ ಬಂದಿತು. ರನ್ನ ಬೆಳಗಲಿಯ ಕಬ್ಬಿನ ಹೊಲಗಳ ದಾರಿಗೂ ಅದು ಹೊಸತಲ್ಲ. ಹಳೆಯ ಗಾಡಿಯನ್ನು ಕೊಂಡವರು ಎಳೆತ ಕುಗ್ಗಿದೊಡನೆ ಎಂಜಿನ್ನನ್ನೇ ಬಿಚ್ಚಿಸಿ ಹಣ ಕಳೆಯುವುದುಂಟು. ಆದರೆ ದೋಷವು ಬೆಲ್ಟಿನಲ್ಲಿಯೂ ಇರಬಹುದು.

ಎರಡು ರಾಟೆಗಳನ್ನು ರಬ್ಬರಿನ ಬೆಲ್ಟು ಬಂಧಿಸುತ್ತದೆ. ಎಂಜಿನ್ನಿನ ವೇಗ ಏರಿದಂತೆ ಮುಂದಿನ ರಾಟೆಯೊಳಗಿನ ರೋಲರುಗಳು ಹೊರಕ್ಕೆ ಸರಿದು, ಅದರ ಒಂದು ಪಾರ್ಶ್ವವನ್ನು ಒತ್ತಿ, ಬೆಲ್ಟನ್ನು ಅಂಚಿನೆಡೆಗೆ ಏರಿಸುತ್ತವೆ. ಆಗ ಹಿಂದಿನ ರಾಟೆ ಸ್ಪ್ರಿಂಗಿನ ಒತ್ತಡವನ್ನು ಮೀರಿ ಅಗಲಿ, ಬೆಲ್ಟು ಒಳಗಿಳಿಯುತ್ತದೆ. ಗೇರು ಬದಲಾಗುವುದು ಹೀಗೆ.

ಪರೀಕ್ಷೆಗೂ ಒಂದು ಕ್ರಮವಿದೆ. ಎಂಜಿನ್ನನ್ನು ಆರಿಸಿ, ತಣಿದ ಮೇಲೆ ಹೊದಿಕೆಯನ್ನು ತೆಗೆಯಬೇಕು. ಬೆಲ್ಟಿನ ಅಗಲವನ್ನು ಕೈಪಿಡಿಯ ಮಿತಿಯೊಡನೆ ಹೋಲಿಸಬೇಕು. ಅದು ಸವೆದಿದ್ದರೆ ಗರಿಷ್ಠ ವೇಗ ಕುಗ್ಗುತ್ತದೆ. ಬಿರುಕು ಬಿಟ್ಟಿದ್ದರೆ ಅಪರಾತ್ರಿಯಲ್ಲಿ ನಡುದಾರಿಯಲ್ಲೇ ಹರಿದೀತು. ರೋಲರುಗಳು ಚಪ್ಪಟೆಯಾಗಿದ್ದರೆ ವೇಗ ತಡೆತಡೆದು ಏರುತ್ತದೆ. ಎಂಜಿನ್ ಗರ್ಜಿಸಿದರೂ ಗಾಡಿ ಸಾಗದಿದ್ದರೆ ಬೆಲ್ಟು ಜಾರುತ್ತಿರಬಹುದು, ಇಲ್ಲವೆ ಕ್ಲಚ್ಚು ಸವೆದಿರಬಹುದು. ಬೆಲ್ಟು ತಾಗುವ ಮೈಗೆ ಎಣ್ಣೆ, ಗ್ರೀಸು ಸೋಂಕಬಾರದು.

ಹಗುರವಾದ ರೋಲರುಗಳು ಏರಿನಲ್ಲಿ ಎಳೆತವನ್ನು ಹೆಚ್ಚಿಸಿದರೂ ಎಂಜಿನ್ನನ್ನು ಹೆಚ್ಚು ಸುತ್ತಿಸಿ ಇಂಧನವನ್ನು ಬೇಡುತ್ತವೆ. ಭಾರವಾದವು ಸುತ್ತನ್ನು ತಗ್ಗಿಸಿ ಎಳೆತವನ್ನು ಕುಗ್ಗಿಸುತ್ತವೆ. ಸವೆದುದನ್ನು ಬದಲಿಸದೆ ತೂಕವನ್ನು ಮಾತ್ರ ಬದಲಿಸುವುದು ವ್ಯರ್ಥ. ಮೂಲವನ್ನರಿಯದ ದುರಸ್ತಿಯೇ ದುಬಾರಿ ಎಂಬುದನ್ನು ಮರೆಯಬಾರದು.